ಅತ್ತೆಗೆ ಕೊಟ್ಟ ಫೋನು

೯ ಫೆಬ್ರವರಿ ೨೦೨೫, ಭಾನುವಾರ. ಹಾಸನ

ಅತ್ತೆಯ ಮುಂದೆ ನಿಜ ಹೇಳಲು ಬಾಯೇ ಬರಲಿಲ್ಲ.

ಹೆಂಡತಿ ಸೌಜನ್ಯ ತೀರಿಕೊಂಡು ತಿಂಗಳಾಯಿತು. ಮಗಳ ನೆನಪಿಗೆ ಸೀರೆ ಬೇಡ, ಅವಳ ಫೋನೇ ಕೊಡು ಎಂದು ಅತ್ತೆ ಕೇಳಿದ್ದರು. ಇವತ್ತು ದಂಡಿಗನಹಳ್ಳಿಗೆ ಹೋಗಿ ಕೊಟ್ಟೆ. ಫೋಟೋಗಳನ್ನಷ್ಟೇ ತೆಗೆದಿಟ್ಟುಕೊಂಡು, ಉಳಿದದ್ದನ್ನೆಲ್ಲ ನಿನ್ನೆಯೇ ಅಳಿಸಿ ಹೊಸದರಂತೆ ಮಾಡಿದ್ದೆ. ಒಬ್ಬರ ಯಂತ್ರವನ್ನು ಇನ್ನೊಬ್ಬರಿಗೆ ಕೊಡುವಾಗ ಖಾಲಿ ಮಾಡಿಯೇ ಕೊಡಬೇಕು. ದಿನಗೂಲಿ ಡೇಟಾ ಎಂಟ್ರಿಯಿಂದ ಶುರುಮಾಡಿ ಇಡೀ ವಿಶ್ವವಿದ್ಯಾಲಯದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನಾದ ನಾನು ಎಲ್ಲರಿಗೂ ಹೇಳಿಕೊಟ್ಟ ಪಾಠ ಅದು. ದರಿದ್ರ ಪಾಠ.

ಅತ್ತೆ ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೇ ವಾಪಸು ಕೊಟ್ಟರು.

"ನಾನ್ ಕಲಿಸಿದ್ ರಾಗಿ ಬೀಸೋ ಪದಾನೆಲ್ಲ ಆಸ್ಪತ್ರೇಲಿ ಹಾಡಿ ಇದ್ರಾಗೆ ಇಟ್ಟೌಳಂತೆ ಕಣಪ್ಪ. ನಿನ್ಗೇ ಅಂತ ಕಣವ್ವ ಅಂದಿದ್ಲು. ಒಂದ್ಸಲ ಕೇಳುಸ್ಬುಡು."

ನನಗೆ ಅವಳು ಹೇಳಿರಲಿಲ್ಲ. ಅವಳು ಹಾಡುತ್ತಾಳೆಂಬುದೇ ನನಗೆ ಗೊತ್ತಿರಲಿಲ್ಲ. ಆಫೀಸಿನ ಕರೆ ಬಂದು ನಾನು ವಾರ್ಡಿನಿಂದ ಹೊರಗೆ ಹೋದಾಗಲೆಲ್ಲ ಹಾಡಿರಬೇಕು. ಹೀಗೆ ಅಳಿಸಿದ್ದು ಮತ್ತೆ ಬರುವುದಿಲ್ಲ. ಬರಬಾರದೆಂದೇ ತಾನೇ ಹಾಗೆ ಅಳಿಸುವುದು.

ಏನೋ ಹುಡುಕುವವನಂತೆ ಪರದೆ ಒತ್ತುತ್ತ ಕೂತೆ. ಅತ್ತೆಯೇ ದಾರಿ ತೋರಿಸಿದರು.

"ಚಾರ್ಜ್ ಇಲ್ವೇನಪ್ಪ? ಆಕು, ಕಾಯ್ತೀನಿ."

ಹಾಕಿದೆ. ಅವರು ಪ್ಲಗ್ಗಿನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರು. ಅರ್ಜೆಂಟ್ ಕೆಲಸವಿದೆ ಎಂದು ಸುಳ್ಳು ಹೇಳಿ ಎದ್ದು ಬಂದುಬಿಟ್ಟೆ.

ಇಷ್ಟು ಹೊತ್ತಿಗೆ ಚಾರ್ಜ್ ತುಂಬಿರುತ್ತದೆ.