ಒಂಬತ್ತನೇ ಪ್ರಶ್ನೆ ಇರಲಿ

ಜೂನ್ 3, ಬೆಳಿಗ್ಗೆ
ಮತ್ತೆ ಫೋನು ಮಾಡುವ ಕೆಲಸ. ಜ್ವರದ ವಾರ್ಡಿನಿಂದ ಮನೆಗೆ ಹೋದವರಿಗೆಲ್ಲ ಅದೇ ಪ್ರಶ್ನಾವಳಿ. ಇಂಗ್ಲಿಷಿನಿಂದ ನಮ್ಮ ಭಾಷೆಗೆ ತಂದವಳು ನಾನು. ಅದು ನಮ್ಮ ಜನಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ನೋಡುವವಳೂ ನಾನೇ. ಒಂಬತ್ತನೇ ಪ್ರಶ್ನೆ — ಡಾಕ್ಟರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು ನಿಮಗೆ ಸುಲಭವೋ, ಕಷ್ಟವೋ? ಒಬ್ಬ ಅಜ್ಜಿ ನಕ್ಕೇಬಿಟ್ಟರು. "ನಿಂತು ಹೇಳಿದ್ರೆ ತಾನೇ ತಾಯಿ?"

ಈ ಯೋಜನೆಯ ಮುಖ್ಯಸ್ಥ, ದೊಡ್ಡ ಡಾಕ್ಟರು. ಬಹುವಚನ ಮುಖದ ಮುಂದೆ ಮಾತ್ರ, ಇಲ್ಲಿ ಏಕವಚನವೇ. ನಾನು ಯಾರ ತಂಗಿ ಎಂದು ಅವನಿಗೆ ಗೊತ್ತಿಲ್ಲ. ಸದ್ಯಕ್ಕೆ ಹಾಗೇ ಇರಲಿ.

ಜೂನ್ 11
ಅಂಕಿಅಂಶದವನಿಗೆ ನಾವಿಟ್ಟ ಹೆಸರು ದಶಾಂಶ. ಒಂಬತ್ತನೆಯದಕ್ಕೆ ಎಲ್ಲರೂ 'ತುಂಬಾ ಕಷ್ಟ' ಎಂದಿದ್ದಾರಂತೆ. ಎಲ್ಲರದೂ ಒಂದೇ ಉತ್ತರವಾದರೆ ಆ ಪ್ರಶ್ನೆ ಯಾರನ್ನೂ ಅಳೆಯುವುದಿಲ್ಲ, ತೆಗೆಯಬೇಕು — ಅದು ಶಾಸ್ತ್ರ. ದೊಡ್ಡ ಡಾಕ್ಟರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. "ಟ್ರಾನ್ಸ್‌ಲೇಷನ್ನೇ ಸರಿಯಿಲ್ಲ, ತೆಗೀರಿ" ಅಂದ.

ನನ್ನ ಅನುವಾದ ಸರಿಯಿಲ್ಲ! ಕಳೆದ ವರ್ಷ ಅಕ್ಕ ಇದೇ ಜ್ವರದಲ್ಲಿ ಮನೆಯಲ್ಲಿ ಮಲಗಿದ್ದಾಗ ಇದೇ ಮನುಷ್ಯ ಭಾವನಿಗೆ ಫೋನಿನಲ್ಲಿ ಗಡಗಡ ಇಂಗ್ಲಿಷ್ ಸುರಿದು ಇಟ್ಟುಬಿಟ್ಟ. ಕೇಳಲು ನಾಚಿಕೆಯಾಗಿ ಭಾವ ಹೂಂ ಅಂದರು. ಏನು ಮಾಡಬೇಕೆಂದು ತಿಳಿಯದೆ ಬೆಳಗಿನ ತನಕ ಕಾದರು. ಅಕ್ಕ ಕಾಯಲಿಲ್ಲ.

ಬಿಡುವುದಿಲ್ಲ ಇವನನ್ನು.

ಜೂನ್ 12
ತೆಗೆಯೋ ಮುಂಚೆ ಎದುರು ರಸ್ತೆಯ ಸಣ್ಣ ಆಸ್ಪತ್ರೆಯಲ್ಲೂ ಕೇಳಿ ನೋಡೋಣ ಸಾರ್ ಎಂದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ಅಷ್ಟು ನಯವಾಗಿ. ತಲೆಯೆತ್ತದೆ ಸಹಿ ಹಾಕಿದ.

ಜುಲೈ 9
ದಶಾಂಶ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಆ ಸಣ್ಣ ಆಸ್ಪತ್ರೆಯಲ್ಲಿ ಮುಕ್ಕಾಲು ಪಾಲು ಜನ 'ಸುಲಭ' ಎಂದಿದ್ದಾರೆ. ಅದೇ ಭಾಷೆ, ಅದೇ ಕಾಯಿಲೆ, ಅದೇ ಓಣಿಗಳ ಜನ. "ಇಡೀ ಪ್ರಶ್ನಾವಳೀಲಿ ಇದಕ್ಕಿಂತ ಚೆನ್ನಾಗಿ ಅಳೆಯೋ ಪ್ರಶ್ನೆ ಇನ್ನೊಂದಿಲ್ಲ" ಅಂದ. ಪ್ರಶ್ನೆ ಕೆಟ್ಟಿರಲಿಲ್ಲ. ಕೆಟ್ಟಿದ್ದು ವಾರ್ಡು.

ಆಗಸ್ಟಿನಲ್ಲಿ ಯೋಜನೆಯ ಸಭೆ, ಅದಕ್ಕೆ ಸ್ಲೈಡ್ ಮಾಡುವವಳು ನಾನು. ಎರಡು ಆಸ್ಪತ್ರೆ ಅಕ್ಕಪಕ್ಕ, ದಪ್ಪ ಅಕ್ಷರದಲ್ಲಿ. ಇವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಜುಲೈ 15, ಮಧ್ಯಾಹ್ನ
ದೊಡ್ಡ ಡಾಕ್ಟರ ಹೆಂಡತಿಯ ಫೋನು. ಫೈಲು ಕೊಡಲು ಮನೆಗೆ ಹೋದಾಗ ನಂಬರ್ ಬರೆದುಕೊಂಡಿದ್ದರು. ಇವನಿಗೇ ಆ ಜ್ವರ ಬಂದಿದೆಯಂತೆ. ಮನೆಯಲ್ಲೇ ಇದ್ದಾನೆ, ಮಂಪರು, ಮೇಲುಸಿರು. ಇವನ ಜೂನಿಯರ್ ಫೋನಿನಲ್ಲಿ ಏನೇನೋ ಹೇಳಿ ಇಟ್ಟನಂತೆ.

"ಒಂದೂ ಅರ್ಥ ಆಗ್ಲಿಲ್ಲ ಕಣಮ್ಮ. ಡಾಕ್ಟರ ಹೆಂಡತಿ ಆಗಿ ಹೇಗೆ ಕೇಳೋದು ಅಂತ ಹೂಂ ಅಂದ್ಬಿಟ್ಟೆ."

ಸುಮ್ಮನಿದ್ದರೆ ಸಾಕಿತ್ತು... ಆದರೂ ಹೇಳಿದೆ — ಮಂಪರು ಅಂದ್ರೆ ಕಾಯೋ ಹಾಗಿಲ್ಲಮ್ಮ, ಈಗಲೇ ಆಂಬುಲೆನ್ಸ್ ಕರೀರಿ. ಎರಡು ಸಲ ಹೇಳಿ, ಅವರ ಬಾಯಲ್ಲೂ ಹೇಳಿಸಿದೆ.

ಕರುಣೆಯಲ್ಲ. ಅವನು ಸಾಯಕೂಡದು. ಬದುಕಿ ಬಂದು ಮುಂದಿನ ಸಾಲಿನಲ್ಲಿ ಕೂತು ಆ ಸ್ಲೈಡ್ ನೋಡಬೇಕು.

ಆಗಸ್ಟ್ 20, ಸಂಜೆ
ಬಂದ. ಇಳಿದುಹೋಗಿದ್ದಾನೆ. ಮುಂದಿನ ಸಾಲು. ಸ್ಲೈಡ್ ಹಾಕಿದೆ. ಅವನು ಎದ್ದು ನಿಂತ. ಇದು ಟ್ರಾನ್ಸ್‌ಲೇಷನ್ ತಪ್ಪಲ್ವಾ ಎಂದು ಕೇಳಿದ, ದನಿಯಲ್ಲಿ ಹಳೆಯ ಜೋರಿಲ್ಲ.

"ಮನೇಲಿ ಕೇಳಿ ನೋಡಿ ಸಾರ್. ನಮ್ಮ ಭಾವನೂ ಹೂಂ ಅಂದಿದ್ರು."

"ಯಾವ ಭಾವ?"

ನೆನಪೇ ಇಲ್ಲ. ಒಂದು ವರ್ಷ ನಾನು ನಿದ್ದೆಗೆಟ್ಟಿದ್ದೇನೆ, ಇವನಿಗೆ ನೆನಪೇ ಇಲ್ಲ. ಕೂತ್ಕೊಳ್ಳಿ ಸಾರ್, ಅರ್ಥವಾಗೋ ಹಾಗೆ ಹೇಳ್ತೀನಿ ಎಂದೆ. ಕೂತ. ಮೊದಲಿನಿಂದ ಶುರುಮಾಡಿದೆ — ಅಕ್ಕನಿಗೆ ಮೊದಲು ಜ್ವರ ಬಂದದ್ದು, ಇವನು ಫೋನಿನಲ್ಲಿ ಹೇಳಿದ್ದು, ಭಾವ ಹೂಂ ಅಂದದ್ದು.