ಪಾರಮ್ಮನಿಗೆ ಹೆರಿಗೆಯಾಯಿತು, ಅತ್ತಿ

ಕೊಪ್ಪಳ
೧೯೪೬, ಮಾಗಿಯ ಚಳಿಗಾಲ

ನನ್ನ ಪಾಲಿಗೆ ತಾಯಿಯೂ ಆಗಿದ್ದ ಅತ್ತಿ ಮುದಕಮ್ಮನವರ ಪಾದಕ್ಕೆ ಹಣೆ ಹಚ್ಚಿ ಸೊಸೆ ಹುಲಗೆಮ್ಮ ಬರೆಯುವುದು.

ನೀವು ತೀರಿಕೊಂಡು ಮೂರು ವರ್ಷವಾಯಿತು. ನಿಮಗೆ ಓದು ಬರುತ್ತಿರಲಿಲ್ಲ. ನೀವು ಇದ್ದಾಗಲೂ ನಾನು ನಿಮಗೊಂದು ಕಾಗದ ಬರೆದವಳಲ್ಲ. ಆದರೂ ಈ ಸುದ್ದಿಯನ್ನು ಮೊದಲು ನಿಮಗೇ ಹೇಳಬೇಕು ಅನ್ನಿಸಿತು. ನಿಮ್ಮ ಕಡೆಯ ಮಗಳು ಪಾರಮ್ಮನಿಗೆ ಇಂದು ಮಧ್ಯಾಹ್ನ ಇಲ್ಲಿನ ದವಾಖಾನೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಇಬ್ಬರೂ ಆರಾಮ ಇದ್ದಾರೆ. ನಿಮ್ಮ ಮಗ ಬೆಲ್ಲ ತರಲು ಪೇಟೆಗೆ ಹೋಗಿದ್ದಾರೆ. ಬಾಣಂತಿ ಮಲಗಿದ್ದಾಳೆ. ನಾನು ಅವಳ ಕಾಲ ಬಳಿ ಕುಳಿತು ಬರೆಯುತ್ತಿದ್ದೇನೆ.

ಇದೇ ದವಾಖಾನೆ ಅತ್ತಿ. ಹತ್ತು ವರ್ಷದ ಹಿಂದೆ ನನ್ನನ್ನು ಅಳವಂಡಿಯಿಂದ ಚಕ್ಕಡಿಯಲ್ಲಿ ಹಾಕಿಕೊಂಡು ಬಂದದ್ದು ಇಲ್ಲಿಗೇ. ಆ ದಿನದ ಬಗ್ಗೆ ನಾವಿಬ್ಬರೂ ಆಮೇಲೆ ಎಂದೂ ಬಾಯಿ ಬಿಟ್ಟು ಮಾತಾಡಲಿಲ್ಲ. ಮಾತಾಡಬೇಕಿತ್ತು.

ನನಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಚೊಚ್ಚಲ ಬಾಣಂತನವನ್ನು ನೀವೇ ಹೊತ್ತುಕೊಂಡಿರಿ. ನೋವು ಶುರುವಾದ ದಿನ ನನ್ನ ಸೆರಗಿನ ತುದಿಯನ್ನು ನನ್ನ ಬಾಯಿಗೇ ಕೊಟ್ಟು, "ಕಚ್ಚಿ ಹಿಡಿ. ಹೊರಗ ಗಂಡಸರು ಕುಂತಾರ" ಎಂದಿದ್ದಿರಿ. ನಾನು ಕಚ್ಚಿ ಹಿಡಿದೆ. ನಿಮ್ಮ ಬಗ್ಗೆ ನನಗೆ ಭಯವಿತ್ತು, ನೋವಿಗಿಂತ ಹೆಚ್ಚು. ಆ ದಿನ ಕಳೆಯಿತು, ಮರುದಿನವೂ ಕಳೆಯಿತು. ಕೂಸು ಅಡ್ಡವಾಗಿತ್ತು. ಸೂಲಗಿತ್ತಿ ಹೊಳಿಯಮ್ಮ ಎಣ್ಣೆ ಹಚ್ಚಿ ತಿರುಗಿಸಲು ನೋಡಿ ನೋಡಿ ಸೋತು, ಕೈ ತೊಳೆದುಕೊಂಡು ಅತ್ತಳು. "ಇದು ನನ್ನ ಕೈಯಾಗಿಲ್ಲ. ಕೊಪ್ಪಳಕ್ಕ ಒಯ್ರಿ" ಎಂದಳು. ಬೆಳಗಾಗುತ್ತಿದ್ದಂತೆ ಚಕ್ಕಡಿಗೆ ಹುಲ್ಲು ಹಾಕಿದಿರಿ. ಕಪ್ಪು ಎರೆ ಹೊಲದ ಆ ದಾರಿಯಲ್ಲಿ ಗಾಲಿ ಕುಣಿಗೆ ಇಳಿದಾಗಲೆಲ್ಲ ನನ್ನ ಸೊಂಟದ ಕೆಳಗೆ ನಿಮ್ಮ ಎರಡೂ ಕೈ ಇರುತ್ತಿದ್ದವು.

ಇಲ್ಲಿ ಆಗ ರಜಿಯಾಬೇಗಂ ಎಂಬ ಡಾಕ್ಟರ್ ಇದ್ದರು. ಹೈದರಾಬಾದಿನಲ್ಲಿ ಓದಿದವರು, ಇನ್ನೂ ಸಣ್ಣ ವಯಸ್ಸು. ನನ್ನ ಹೊಟ್ಟೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಮತ್ತೆ ಬೇರೆ ಕಡೆ ಹಚ್ಚಿ ಕೇಳಿದರು. ಆಮೇಲೆ ಪರದೆಯ ಆಚೆ ಹೋಗಿ ನಿಮಗೆಲ್ಲ ಹೇಳಿದ್ದು ನನಗೂ ಕೇಳಿಸಿತು.

"ಕೂಸಿನ ಎದಿ ಬಡಿತ ಕೇಳವಲ್ದು. ತಾಯೀನ ಉಳಿಸಬೇಕು ಅಂದ್ರ ಒಳಗ ಕೈ ಹಾಕಿ ತೆಗೀಬೇಕು. ಎಚ್ಚರಿದ್ದಾಗ ಅದನ್ನ ಮಾಡಬಾರದು. ಕ್ಲೋರೋಫಾರ್ಮ್ ಕೊಟ್ಟು ಮಲಗಸ್ತೀನಿ. ನೋವು ಗೊತ್ತಾಗೂದಿಲ್ಲ."

ಮಾವ ಗ್ಯಾನಪ್ಪನವರು ಒಪ್ಪಲಿಲ್ಲ. "ಮಲಗಿಸಿದವರು ಎಬ್ಬಸ್ತಾರಂತ ಏನು ಖಾತ್ರಿ ಬಾಯಾರ? ಎಚ್ಚರ ಇದ್ರ ಜೀವಾ ಗಟ್ಟಿ ಹಿಡಕೊಂಡಿರತಾಳ."

"ಪೂರಾ ಖಾತ್ರಿ ನಾನೂ ಕೊಡೂದಿಲ್ಲ" ಎಂದರು ಡಾಕ್ಟರು. "ಈಕಿಗೆ ಭಾಳ ದಣಿವಾಗೈತಿ. ಆದ್ರ ಹೈದರಾಬಾದಿನಾಗ ಇದನ್ನ ನಮ್ಮಜ್ಜಿ ಕಾಲದಿಂದ ಕೊಡ್ತಾರ. ನಾನೂ ಕೊಟ್ಟೀನಿ, ಎಬ್ಬಿಸೀನಿ."

ನನ್ನ ಗಂಡ ತಂದೆಯ ಎದುರು ಮಾತಾಡುವವರಲ್ಲ. ಆಗ ನೀವು ಮಾತಾಡಿದಿರಿ.

"ನನ್ನ ಎರಡನೇ ಹೆರಿಗಿ ನೆನಪೈತೇನು ನಿಮಗ?" ಎಂದು ಮಾವನವರನ್ನೇ ಕೇಳಿದಿರಿ. "ಕೂಸು ಒಳಗ ಸತ್ತಿತ್ತು. ಎಚ್ಚರಿದ್ದಾಗನ ತೆಗದ್ರು. ಇಬ್ಬರು ಹಿಂದಿನಿಂದ ನನ್ನ ತೋಳು ಹಿಡಕೊಂಡಿದ್ರು. ಇವತ್ತಿಗೂ ಯಾರರ ಹಿಂದಿನಿಂದ ಬಂದು ತೋಳು ಮುಟ್ಟಿದ್ರ ನನ್ನ ಎದಿ ಒಡೀತೈತಿ. ನಾ ಹೇಳಿಲ್ಲ, ನೀವು ಕೇಳಿಲ್ಲ. ಅದು ಈಕಿಗೆ ಬ್ಯಾಡ." ಆಮೇಲೆ ಡಾಕ್ಟರಿಗೆ, "ಮಲಗಸ್ರಿ ಬಾಯಾರ. ನಾ ತಲಿ ಹತ್ರ ಕುಂದರತೀನಿ" ಎಂದಿರಿ.

ಅತ್ತಿ, ನೀವು ಬೆಚ್ಚುವುದನ್ನು ನಾನು ನೋಡಿದ್ದೆ. ಒಮ್ಮೆ ಒಲೆಯ ಮುಂದೆ ಕುಳಿತಿದ್ದ ನಿಮ್ಮ ಜಾರಿದ ಸೆರಗನ್ನು ಹಿಂದಿನಿಂದ ಬಂದು ಭುಜಕ್ಕೆ ಹಾಕಲು ಹೋಗಿದ್ದೆ. ನೀವು ಸೌದೆ ಎತ್ತಿ ನನ್ನ ಮೇಲೆ ಹರಿಹಾಯ್ದಿರಿ. ನಾನು ಮುಟ್ಟುವುದೂ ನಿಮಗೆ ಬೇಡವಾಗಿದೆ ಎಂದುಕೊಂಡು ಹಿತ್ತಲಲ್ಲಿ ಅತ್ತಿದ್ದೆ. ಪರದೆಯ ಈಚೆ ಮಲಗಿ, ಆ ನೋವಿನ ನಡುವೆ, ನನಗೆ ನೀವು ಅರ್ಥವಾದಿರಿ.

ಮೂಗಿನ ಮೇಲೆ ಅರಿವೆ ಇಟ್ಟು ಹನಿ ಹನಿಯಾಗಿ ಔಷಧ ಬಿಟ್ಟರು. ಸಿಹಿ ವಾಸನೆ, ಎದೆಗೆ ಇಳಿಯುವಾಗ ತಣ್ಣಗೆ. ಉಸಿರು ಕಟ್ಟಿದಂತಾಗಿ ನಾನು ಕೊಸರಿದೆ. ನೀವು ಅಂಗೈಯನ್ನು ನನ್ನ ಹಣೆಯ ಮೇಲಿಟ್ಟು, "ರೊಟ್ಟಿ ಹೆಂಗ ಮಾಡತಿ ಹೇಳವ್ವ, ಕೇಳತೀನಿ" ಎಂದಿರಿ. ಎಸರು ಇಡತೀನಿ ಎಂದೆ. ಹಿಟ್ಟು ಹಾಕತೀನಿ ಎಂದೆ. ನಾದತೀನಿ ಎಂದದ್ದು ಬಾಯಿಂದ ಹೊರಬಂತೋ ಇಲ್ಲವೋ ತಿಳಿಯದು.

ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ವಾಂತಿಯಾಯಿತು. ನೀವು ಬಾಯಿ ಒರೆಸಿ ಹೇಳಿದಿರಿ: "ಗಂಡಸ ಕೂಸು. ಉಳೀಲಿಲ್ಲವ್ವ." ಅಷ್ಟೇ ಹೇಳಿ ಬಿಡಬಹುದಿತ್ತು. ಮಣ್ಣು ಮಾಡಿ ಆಗಿತ್ತು. ಆದರೆ ನೀವು ನನ್ನ ಕೈ ಬಿಡದೆ ಒಂದೊಂದಾಗಿ ಹೇಳಿದಿರಿ. ತಲೆ ತುಂಬ ಕೂದಲಿತ್ತು, ಮೂಗು ನನ್ನ ಹಾಗಿತ್ತು, ಬೆಚ್ಚಗಿನ ನೀರಲ್ಲಿ ನೀವೇ ಮೈ ತೊಳೆದಿರಿ, ನಿಮ್ಮ ಇಳಕಲ್ ಸೀರೆಯ ಸೆರಗು ಹರಿದು ಸುತ್ತಿದಿರಿ. ನಾನು ನೋಡದ ನನ್ನ ಮಗನನ್ನು ನೀವು ನೋಡಿಕೊಂಡು ಬಂದು ನನಗೆ ಕೊಟ್ಟಿರಿ. ಮುಚ್ಚಿದ ಕಣ್ಣಿನಲ್ಲಿ ಇವತ್ತಿಗೂ ನನಗೆ ಅವನ ಮುಖ ಕಾಣುತ್ತದೆ.

ಆಮೇಲೆ ನನಗೆ ಮಕ್ಕಳಾಗಲಿಲ್ಲ. ನಿದ್ದೆಯ ಔಷಧವೇ ಕೂಸನ್ನು ಕೊಂದಿತು, ನೋವು ತಿನ್ನದವಳಿಗೆ ಮಗು ಎಲ್ಲಿಂದ ದಕ್ಕೀತು ಎಂದು ಊರಲ್ಲಿ ಅಂದರು. ನೀರು ಸೇದುವಲ್ಲಿ ಒಮ್ಮೆ ಈ ಮಾತು ಬಂದಾಗ ನೀವು ಕೊಡ ಕೆಳಗಿಟ್ಟು, "ಔಷಧ ಕೊಡ್ರಿ ಅಂದಾಕಿ ನಾನು. ಅನ್ನೂದಿದ್ರ ನನಗ ಅನ್ರಿ" ಎಂದಿರಿ. ಯಾರೂ ಅನ್ನಲಿಲ್ಲ. ನಿಮ್ಮ ಮಗನಿಗೆ ಇನ್ನೊಂದು ಮದುವೆಯ ಮಾತು ತೆಗೆದವರನ್ನು ನೀವು ಪಡಸಾಲೆಯಿಂದಲೇ ಕಳಿಸಿದಿರಿ. ಕೊನೆಗೆ ವಿಷಮಜ್ವರ ಬಂದು ಮಲಗಿದಾಗ ಪಾರಮ್ಮನ ಕೈ ಹಿಡಿದು ನನ್ನ ಮಡಿಲಲ್ಲಿಟ್ಟಿರಿ.

ಊರಿನ ಆ ಮಾತು ಪಾರಮ್ಮನ ಕಿವಿಗೂ ಬಿದ್ದಿತ್ತು. ಅವಳು ಮೊದಲೇ ಸಣ್ಣ ಮೈಯವಳು. ಇಂದು ಬೆಳಗ್ಗೆ ನೋವು ಏರಿದಂತೆ ಅವಳ ತುಟಿ ಬಿಳಿಚಿಕೊಂಡಿತು. ಈಗಿನ ಡಾಕ್ಟರು ಬೇರೆಯವರು. ಕೂಸು ಸರಿಯಾಗಿಯೇ ಇದೆ, ಕಡೆಯಲ್ಲಿ ಬೇಕಾದರೆ ಸ್ವಲ್ಪ ಕ್ಲೋರೋಫಾರ್ಮ್ ಕೊಡುತ್ತೇನೆ, ಪೂರ್ತಿ ಮಲಗಿಸುವುದಿಲ್ಲ ಎಂದರು. ಪಾರಮ್ಮ ನನ್ನ ಮುಖ ನೋಡಿದಳು.

"ಅತ್ತಿಗಿ, ಖರೇ ಹೇಳು. ಔಷಧದಿಂದ ಹೋತೇನು ನಿನ್ನ ಕೂಸು?"

ಹತ್ತು ವರ್ಷದಲ್ಲಿ ಇದನ್ನು ನೇರವಾಗಿ ಕೇಳಿದವಳು ಅವಳೊಬ್ಬಳೇ. "ಅಲ್ಲ ಪಾರಿ" ಎಂದೆ. "ಔಷಧ ಕೊಡೂಕಿಂತ ಮೊದಲ ಅದರ ಎದಿ ನಿಂತಿತ್ತು. ನಾ ಕಿವಿಯಾರ ಕೇಳೀನಿ. ಔಷಧ ನನ್ನ ಉಳಿಸ್ತು. ನಿಮ್ಮವ್ವ ಉಳಿಸಿದಳು." ಆಮೇಲೆ ನಿಮ್ಮ ಎರಡನೇ ಹೆರಿಗೆಯ ಕಥೆ ಹೇಳಿದೆ. ಮಗಳಿಗೆ ಅದು ಗೊತ್ತೇ ಇರಲಿಲ್ಲ. ನೋವಿನ ನಡುವೆ ನಿಮಗಾಗಿ ಅತ್ತಳು. ತಗೋ ಎಂದು ನಾನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೈ ಅವಳದು. "ಕಡೀಕ ಕೊಡ್ರಿ. ಅಲ್ಲೀತನಕ ತಡಕೋತೀನಿ" ಎಂದು ತಾನೇ ಡಾಕ್ಟರಿಗೆ ಹೇಳಿದಳು. ಕಡೆಯ ನೋವಿಗೆ ಅರಿವೆ ಇಟ್ಟರು. ಅವಳ ಮುಷ್ಟಿ ನನ್ನ ಕೈಯಲ್ಲೇ ಮೆಲ್ಲಗೆ ಸಡಿಲವಾಯಿತು.

ಆಗ ಕೂಸು ಅತ್ತಿತು, ಅತ್ತಿ. ಹುಟ್ಟಿದ ಕೂಸಿನ ಮೊದಲ ಅಳುವನ್ನು ನಾನು ಕೇಳಿದ್ದು ಅದೇ ಮೊದಲು. ಅವಳ ಕೈ ಬಿಡದೆ ಮಂಚದ ಅಂಚಿಗೆ ಕುಳಿತೆ. ಪಾರಮ್ಮ ಅರ್ಧ ಕಣ್ಣು ತೆರೆದು, ದೂರದಿಂದ ಬಂದಂತಹ ದನಿಯಲ್ಲಿ ಕೇಳಿದಳು:

"ಅತ್ತಿಗಿ, ಯಾರದು ಅಳೂದು?"

"ನಿನ್ನ ಮಗಳು" ಎಂದೆ. "ಅಳಲಿ ಬಿಡು. ಜೋರಾಗಿ ಅಳಲಿ. ಹೊರಗ ಎಲ್ಲಾರಿಗೂ ಕೇಳಲಿ."

ಇರುವಲ್ಲಿಂದಲೇ ಇಬ್ಬರ ತಲೆಯ ಮೇಲೂ ಕೈಯಿಡಿ. ನೀವು ನೆಮ್ಮದಿಯಾಗಿ ಮಲಗಿ.

ನಿಮ್ಮ ಸೊಸೆ, ನಿಮ್ಮ ಮಗಳು
ಹುಲಗೆಮ್ಮ