ಏಳನೇ ತಿರುವಿನಲ್ಲಿ ನಿನ್ನ ಹೆಸರು

ಪೆಯ್ರಗ್ರಾಸ್ ಘಾಟಿ, ಏಳನೇ ತಿರುವು
ಶುಕ್ರವಾರ, ಆಗಸ್ಟ್ 1, ಬೆಳಿಗ್ಗೆ

ಪ್ರೀತಿಯ ಎನೋರಾ ಮರಿಗೆ,

ಹೇಗಿದ್ದೀಯಾ? ಥಂಡಿ ಬಿದ್ದರೆ ಹೆಗಲಿನ ಮೂಳೆ ನೋಯುತ್ತದೆ ಅಂತ ಅಜ್ಜಿಗೆ ಹೇಳಿದ್ದೆಯಂತೆ, ಈಗ ಹೇಗಿದೆ? ನಿದ್ದೆ ಸರಿಯಾಗಿ ಬರುತ್ತಿದೆಯಾ? ನಿಮ್ಮ ತಂಡದವರು ಮೂರು ಹೊತ್ತೂ ಬಡಿಸುವ ಆ ಸಪ್ಪೆ ಅನ್ನ, ಸಪ್ಪೆ ಕೋಳಿ ಗಂಟಲಲ್ಲಿ ಇಳಿಯುತ್ತಿದೆಯಾ? ಈ ಕಾಗದದ ಜೊತೆ ಅಜ್ಜಿ ಬೆಣ್ಣೆ ಕೇಕು ಕಟ್ಟಿ ಕೊಟ್ಟಿದ್ದಾಳೆ. ಡಾಕ್ಟರು ಬೇಡ ಅಂದರೆ ಭಾನುವಾರ ರೇಸು ಮುಗಿದ ಮೇಲೆ ತಿನ್ನು. ಅರ್ಧ ಬೆಣ್ಣೆ, ಅರ್ಧ ಸಕ್ಕರೆ, ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ರೇಸಿನ ವಾರದಲ್ಲಿ ಫೋನ್ ಮಾಡಬೇಡಿ ಅಂತ ನೀನು ಅಂದಿದ್ದೆ, ನಾವು ಮಾಡಿಲ್ಲ. ಮಾಡೋಣವೆಂದರೂ ಈ ಘಾಟಿಯಲ್ಲಿ ಸಿಗ್ನಲ್ ಇಲ್ಲ. ಅದೇ ವಾಸಿ, ಇಂಥ ಮಾತು ಹೇಳುವಾಗ ನಿನ್ನ ದನಿ ಕೇಳಿಸಿದರೆ ನನ್ನಿಂದ ಆಗುತ್ತಿರಲಿಲ್ಲ. ನಾವಿಬ್ಬರೂ ಕ್ಷೇಮ ಅಂತ ಬರೆಯಬೇಕು, ಮೈಗೇನೂ ಆಗಿಲ್ಲ ನಿಜ. ಆದರೆ ನಾನೊಂದು ತಪ್ಪು ಮಾಡಿದ್ದೇನೆ ಮರಿ, ನಾಳೆ ಮಧ್ಯಾಹ್ನ ನಿನ್ನ ಚಕ್ರದ ಕೆಳಗೆ ಬರುವಂಥ ತಪ್ಪು.

ಮೊದಲಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು. ಅಕ್ಟೋಬರಿನಲ್ಲಿ ಹೆಂಗಸರ ಟೂರ್ ಸೈಕಲ್ ರೇಸು ಹೋಗುವ ದಾರಿ ಪೇಪರಿನಲ್ಲಿ ಬಂತಲ್ಲ, ಅವತ್ತಿಂದ ನಮ್ಮ ಅಡುಗೆಮನೆ ಮೇಜು ನನ್ನ ಆಫೀಸಾಯಿತು. ಪುಟ ಕತ್ತರಿಸಿ ಮೇಜಿನ ಮೇಲೆ ಅಂಟಿಸಿದೆ. ಶನಿವಾರ, ಪೆಯ್ರಗ್ರಾಸ್ ಘಾಟಿ ಅಂತ ಕಂಡಿದ್ದೇ ತಡ, ಮಿಕ್ಕಿದ್ದನ್ನು ಓದುವ ಗೋಜಿಗೇ ಹೋಗಲಿಲ್ಲ. ಓದುವುದೇನಿದೆ? ಗಂಡಸರ ಟೂರ್ ನೋಡಲು ಒಂಬತ್ತು ಸಲ ಈ ಘಾಟಿಗೆ ಬಂದಿದ್ದೇನೆ, ಒಂಬತ್ತು ಸಲವೂ ಏಳನೇ ತಿರುವಿನಲ್ಲೇ ವ್ಯಾನು ನಿಲ್ಲಿಸಿದ್ದೇನೆ. ಇಲ್ಲಿರುವ ಹನ್ನೊಂದು ತಿರುವುಗಳಲ್ಲಿ ಇದೊಂದರ ಪಕ್ಕದಲ್ಲೇ ಸಮತಟ್ಟಾದ ಹುಲ್ಲುಜಾಗ ಇರುವುದು. ಬೇರೆ ಕಡೆ ಮಲಗಿದರೆ ಬೆಳಗಾಗುವಷ್ಟರಲ್ಲಿ ನಿನ್ನ ಅಜ್ಜಿ ಉರುಳಿಕೊಂಡು ಬಂದು ನನ್ನ ಮೇಲಿರುತ್ತಾಳೆ. ಅವಳು ಪಟ್ಟಿ ಮಾಡುತ್ತಾ ಕೂತಳು: ನೀರಿನ ಕ್ಯಾನು ಆರು, ಗ್ಯಾಸ್ ಸಿಲಿಂಡರು ಎರಡು, ಚಕ್ರಕ್ಕೆ ಒಡ್ಡುವ ಮರದ ತುಂಡು, ದೋಸೆಗೆ ಕಪ್ಪು ಗೋಧಿ ಹಿಟ್ಟು, ಉಪ್ಪು ಬೆಣ್ಣೆ, ನನ್ನ ರಕ್ತದೊತ್ತಡದ ಮಾತ್ರೆ. ಅವಳಿಗೆ ಇಲ್ಲಿಗೆ ಬರುವ ಮನಸ್ಸೇ ಇರಲಿಲ್ಲ. "ರೇಸು ಮುಗಿಯೋ ಊರಲ್ಲೇ ಇಳ್ಕೊಳ್ಳೋಣ, ಅಲ್ಲಿ ಬಿಸಿನೀರಿನ ಸ್ನಾನ ಇದೆ, ಮಗು ಬಂದು ನಮ್ಮ ಹತ್ರ ಐದು ನಿಮಿಷ ಕೂತ್ಕೊಳತ್ತೆ" ಅಂದಳು. ಏರಿನಲ್ಲಿ ಅವಳು ಮೆಲ್ಲಗೆ ಬರ್ತಾಳೆ, ನಾನು ಪಕ್ಕದಲ್ಲಿ ಹತ್ತು ಹೆಜ್ಜೆ ಓಡ್ತೀನಿ, ನಂಗಷ್ಟೇ ಸಾಕು ಅಂದೆ. "ಎಪ್ಪತ್ತಾರು ವರ್ಷಕ್ಕೆ ಓಡ್ತೀಯಾ? ಓಡು, ಓಡು. ಆಂಬುಲೆನ್ಸನ್ನೂ ಪಟ್ಟೀಲಿ ಬರ್ಕೊಳ್ತೀನಿ" ಅಂದಳು. ಕೊನೆಗೆ ಎಂದಿನಂತೆ ನನ್ನ ಹಟವೇ ಗೆದ್ದಿತು. ಗೆಲ್ಲಬಾರದಿತ್ತು.

ನನಗೆ ಯಾಕೆ ಅಷ್ಟು ಹಟ ಅಂತ ನೀನು ಕೇಳಬಹುದು. ಕೇಳುವುದೇನು, ನಿನಗೆ ಗೊತ್ತೇ ಇದೆ. ನಿನಗೆ ಹನ್ನೆರಡು ವರ್ಷ, ನಮ್ಮೂರಿನ ಕ್ಲಬ್ಬಿನ ಜರ್ಸಿ ಹಾಕಿಕೊಂಡು ಕೊಟ್ಟಿಗೆ ಮುಂದೆ ನಿಂತಿದ್ದೆ. "ತಾತ, ನಾನು ದೊಡ್ಡ ರೇಸಿಗೆ ಹೋದ್ರೆ ನೀನು ವ್ಯಾನ್ ತಗೊಂಡು ಘಾಟಿಗೆ ಬರ್ತೀಯಾ?" ಅಂತ ಕೇಳಿದೆ. ನಾನು ಹಾಲಿನ ಕ್ಯಾನು ತೊಳೆಯುತ್ತಾ, ತಲೆ ಕೂಡ ಎತ್ತದೆ, "ಹೆಂಗಸರ ರೇಸಿಗೆ ಯಾರಮ್ಮಾ ಘಾಟೀಲಿ ಡೇರೆ ಹಾಕ್ತಾರೆ?" ಅಂದುಬಿಟ್ಟೆ. ನೀನು ಅಳಲಿಲ್ಲ. ಸೈಕಲ್ ಹತ್ತಿ ಹೋದೆ, ಸಂಜೆಯವರೆಗೆ ಬರಲಿಲ್ಲ. ಆಮೇಲೆ ಹನ್ನೆರಡು ವರ್ಷ ಒಂದು ದಿನವೂ ಆ ಮಾತು ಎತ್ತಿಲ್ಲ. ನಾನೂ ಎತ್ತಲಿಲ್ಲ, ನನಗೆ ನಾಚಿಕೆ. ಈ ಸಲ ನಿನ್ನ ಹೆಸರು ಟೂರಿನ ಪಟ್ಟಿಯಲ್ಲಿ ಬಂದಾಗ, ಎಲ್ಲರಿಗಿಂತ ಮೊದಲು ಘಾಟಿ ಹತ್ತುವ ವ್ಯಾನು ನಮ್ಮದೇ ಆಗಬೇಕು ಅಂತ ತೀರ್ಮಾನ ಮಾಡಿದೆ. ಮಂಗಳವಾರ ಬೆಳಿಗ್ಗೆ ಬಂದೆವು. ಇಡೀ ಘಾಟಿಯಲ್ಲಿ ನಾವು, ಒಂದಷ್ಟು ಕುರಿ, ಅಷ್ಟೇ.

ಈಗ ತಪ್ಪಿನ ವಿಷಯ. ಕ್ರಿಸ್‌ಮಸ್ ಊಟದ ಹೊತ್ತಿಗೆ ನೀನು ನನ್ನಿಂದ ಒಂದು ಮಾತು ತಗೊಂಡಿದ್ದೆ. "ತಾತ, ನೀನು ಬಾ, ಕೂಗು, ಬಾವುಟ ಬೀಸು. ನನ್ನ ಹೆಸರು ಮಾತ್ರ ರಸ್ತೆ ಮೇಲೆ ಬರೀಬೇಡ. ಅದನ್ನ ಕಂಡ್ರೆ ಕಣ್ಣು ಅಲ್ಲೇ ಸಿಕ್ಕಾಕೊಳ್ಳತ್ತೆ, ರಸ್ತೆ ಕಾಣಲ್ಲ." ಆಯ್ತು ಅಂದಿದ್ದೆ. ಆದರೆ ನೋಡು, ನಮ್ಮ ಬ್ರಿಟನಿ ಸೀಮೆಯಿಂದ ಟೂರಿಗೆ ಹೋದ ಒಬ್ಬೊಬ್ಬ ಸವಾರನ ಹೆಸರನ್ನೂ ನಾನು ಈ ರಸ್ತೆಯ ಮೇಲೆ ಬರೆದಿದ್ದೇನೆ, ಕಟ್ಟಕಡೆಯವನಾಗಿ ಬಂದವನದೂ ಸೇರಿ. ಮಂಗಳವಾರ ಸಂಜೆ, ಬಿಸಿಲು ಇನ್ನೂ ಇತ್ತು, ಖಾಲಿ ರಸ್ತೆ ಎದುರಿಗೆ ಬಿದ್ದಿತ್ತು. ಯಾರ್ಯಾರದೋ ಹೆಸರು ಬರೆದೆ, ನನ್ನ ಮೊಮ್ಮಗಳದು ಬರೆಯಬಾರದೇ ಅನ್ನಿಸಿತು. ಯಾವಾಗಲೂ ತರುವುದು ಗೋಡೆ ಸುಣ್ಣ, ನಾಲ್ಕು ಮಳೆಗೆ ಹೋಗಿಬಿಡುತ್ತದೆ. ಶನಿವಾರ ಮಳೆ ಅಂತ ರೇಡಿಯೋ ಹೇಳುತ್ತಿತ್ತು, ನಿನ್ನ ಹೆಸರು ಅಳಿಸಿ ಹೋಗಬಾರದು ಅಂತ ನಾನು ನಮ್ಮ ದೋಣಿಗೆ ಬಳಿದು ಮಿಕ್ಕಿದ್ದ ಬಿಳಿ ಬಣ್ಣದ ಡಬ್ಬ ತಂದಿದ್ದೆ. ಸಮುದ್ರದ ನೀರಿಗೂ ಜಗ್ಗದ ಎಣ್ಣೆ ಬಣ್ಣ. ENORA, ಐದು ಅಕ್ಷರ, ಒಂದೊಂದೂ ನನ್ನಷ್ಟು ಉದ್ದ, ತಿರುವಿನ ಒಳಗಂಚಿಗೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅಜ್ಜಿ ವ್ಯಾನಿನ ಬಾಗಿಲಲ್ಲಿ ನಿಂತು "ಮಾತು ಕೊಟ್ಟಿದ್ದೆ" ಅಂತ ಅಂದಳು, ಒಳಗೆ ಹೋದಳು. ಅವತ್ತು ಊಟಕ್ಕೆ ಕರೆಯಲೂ ಇಲ್ಲ.

ಬುಧವಾರ ಮಧ್ಯಾಹ್ನ ವಾರ್ಡ್ ಬಂದ. ನಿನಗೆ ನೆನಪಿರಬೇಕು, ಬೆಲ್ಜಿಯಮ್ಮಿನ ದಪ್ಪ ಮೀಸೆಯವನು, ಪ್ರತಿ ಸಲ ಈ ತಿರುವಿನಲ್ಲಿ ನಮ್ಮ ಪಕ್ಕದಲ್ಲೇ ವ್ಯಾನು ನಿಲ್ಲಿಸಿ ಆಲೂಗಡ್ಡೆ ಕರಿಯುವವನು. ಗಾಡಿಯಿಂದ ಇಳಿದವನೇ ನಿನ್ನ ಹೆಸರನ್ನು ಒಂದು ಸುತ್ತು ಹಾಕಿ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಯ್ಯಾ ಎರ್ವೆ, ತಲೆಕೆಳಗಾಗಿ ಬರ್ದಿದ್ದೀಯಲ್ಲ! ಯಾರು ಓದ್ಲಿ ಅಂತ, ಕುರಿಗಳಾ?" ಅಂದ. ಕೆಳಗಿನಿಂದ ಹತ್ತಿ ಬರುವವರಿಗೆ ಸರಿಯಾಗೇ ಕಾಣತ್ತೆ, ನಿನ್ನ ಕನ್ನಡಕ ಒರೆಸ್ಕೋ ಅಂದೆ. ಅವನು ನಗು ನಿಲ್ಲಿಸಿದ. "ಈ ಸಲ ಹತ್ತಲ್ಲ ಕಣಯ್ಯ. ಆ ಕಡೆಯಿಂದ ಹತ್ತಿ ಈ ಕಡೆ ಇಳೀತಾರೆ" ಅಂದ. ರೇಸಿನ ಪುಸ್ತಕ ತಂದು ಬಾನೆಟ್ಟಿನ ಮೇಲೆ ಬಿಚ್ಚಿ ಬೆರಳಿಟ್ಟು ತೋರಿಸಿದ. ಅಕ್ಟೋಬರಿನಿಂದ ದಿನಾ ನಾನು ಕಾಫಿ ಬಟ್ಟಲು ಇಡುತ್ತಿದ್ದ ಪುಟದಲ್ಲೂ ಅದೇ ಇತ್ತು, ಬಾಣದ ಗುರುತು ಸಮೇತ. ಹತ್ತುವವರು ಆ ಬಣ್ಣದ ಮೇಲೆ ನಡೆದ ಹಾಗೆ ಹೋಗುತ್ತಾರೆ, ಚಿಂತೆಯಿಲ್ಲ. ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಇಳಿದು ಬಂದು, ಬ್ರೇಕು ಹಿಡಿದು, ವಾಲಿ ಒಳಗಂಚಿಗೆ ಬರುವವರು ಮಳೆಯಲ್ಲಿ ಅದರ ಮೇಲೆ ಚಕ್ರ ಇಟ್ಟರೆ ಏನಾಗುತ್ತದೆ ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಹೋದ ವರ್ಷ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ನೀನೇ ಹೇಳಿದ್ದೆ. "ಬಿದ್ದಿದ್ದು ನೋವಾಗ್ಲಿಲ್ಲ ತಾತ. ಬೀಳೋಕೆ ಮುಂಚೆ ಚಕ್ರ ಕೈ ಬಿಟ್ಟಿದ್ದು ಗೊತ್ತಾಯ್ತಲ್ಲ, ಅದೇ ಇನ್ನೂ ಕನಸಲ್ಲಿ ಬರತ್ತೆ."

ಬುಧವಾರ ಸಂಜೆಯಿಂದ ಮೂವರೂ ಮೊಣಕಾಲೂರಿ ಉಜ್ಜುತ್ತಿದ್ದೇವೆ. ತಂತಿ ಬ್ರಷ್ಷು, ಟರ್ಪೆಂಟೈನು, ಅಜ್ಜಿ ಬಾಣಲೆ ತಿಕ್ಕುವ ನಾರು, ಎಲ್ಲಾ ಆಯಿತು. ಮೊದಲೆರಡು ಅಕ್ಷರ ಹೋಗಿವೆ. ಮಿಕ್ಕ ಮೂರು ಡಾಂಬರಿನ ತೂತುತೂತಿನೊಳಗೆ ಇಳಿದು ಕೂತಿವೆ, ಉಜ್ಜಿದಷ್ಟೂ ಅಗಲಕ್ಕೆ ಹರಡುತ್ತವೆ. ಮರಳು ಸುರಿಯೋಣವೆಂದರೆ ಅದರ ಮೇಲೂ ಚಕ್ರ ಜಾರುತ್ತದೆ. ನಿನ್ನೆ ಮೋಟಾರ್‌ಸೈಕಲ್ಲಿನಲ್ಲಿ ಒಬ್ಬ ಪೊಲೀಸ್ ಬಂದಾಗ ನಾನೇ ಕೈ ಅಡ್ಡ ಹಾಕಿ ನಿಲ್ಲಿಸಿದೆ. "ತಾತ, ಬೈಗುಳ, ಕೊಳಕು ಚಿತ್ರ ಇದ್ರೆ ಹೇಳಿ, ಅಳಿಸೋರು ಬರ್ತಾರೆ. ಹೆಸರು ತಾನೇ, ಇರ್ಲಿ ಬಿಡಿ, ಚೆನ್ನಾಗಿದೆ" ಅಂದ. ಇದು ದೋಣಿ ಬಣ್ಣ ಸ್ವಾಮಿ, ನಾನೇ ಬಳಿದಿದ್ದು ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅಜ್ಜಿ ಒಂದು ಚೊಂಬು ನೀರು ತಂದು ರಸ್ತೆ ಮೇಲೆ ಸುರಿದು, "ಈಗ ಒಂದ್ಸಲ ನಡೀರಿ" ಅಂದಳು. ಎರಡನೇ ಹೆಜ್ಜೆಗೆ ಅವನು ಕೂತಿದ್ದ. ಎದ್ದವನು ನಗಲಿಲ್ಲ. ಪುಸ್ತಕ ತೆಗೆದು ನನ್ನ ಹೆಸರು, ತಿರುವಿನ ನಂಬರು ಬರೆದುಕೊಂಡ. ಲಾರಿ ಸಿಕ್ಕರೆ ಶನಿವಾರ ಬೆಳಿಗ್ಗೆ ಡಾಂಬರು ಕೆರೆಯುವವರನ್ನು ಕಳಿಸುತ್ತೇನೆ, ಖಾತ್ರಿ ಕೊಡಲಾರೆ, ತಂಡಗಳಿಗಂತೂ ತಿಳಿಸುತ್ತೇನೆ ಅಂದ.

ಇದನ್ನು ನಿನಗೆ ಬರೆಯಬೇಕೋ ಬೇಡವೋ ಅಂತ ನಾವಿಬ್ಬರೂ ಜಗಳವಾಡಿದೆವು. ಹೇಳಿದರೆ ಇಡೀ ಇಳಿಜಾರಿನಲ್ಲಿ ನಿನ್ನ ತಲೆಯಲ್ಲಿ ಅದೇ ಕೂತಿರುತ್ತದೆ, ಕೈ ಬ್ರೇಕಿನ ಮೇಲೆ ಬಿಗಿಯಾಗುತ್ತದೆ, ಬಿಗಿಯಾದ ಕೈಯೇ ಬೀಳಿಸುತ್ತದೆ ಅಂತ ನಾನಂದೆ. "ನಿನ್ನ ಮರ್ಯಾದೆ ಉಳಿಸ್ಕೊಳೋಕೆ ಮಗೂನ ಕುರುಡಾಗಿ ಕಳಿಸ್ಬೇಡ" ಅಂದಳು ಅಜ್ಜಿ. ಐವತ್ತೊಂದು ವರ್ಷದ ಸಂಸಾರದಲ್ಲಿ ಅವಳು ನನ್ನ ಜೊತೆ ಆ ದನಿಯಲ್ಲಿ ಮಾತಾಡಿದ್ದು ಇದೇ ಮೊದಲು, ಮತ್ತು ಅವಳು ಹೇಳಿದ್ದು ಸರಿ. ನನಗೆ ಭಯವಾಗಿದೆ ಎನೋರಾ. ನಿನ್ನೊಬ್ಬಳ ಬಗ್ಗೆ ಅಲ್ಲ, ನಿನ್ನ ಜೊತೆ ಬರುವ ಅಷ್ಟೂ ಹೆಣ್ಣುಮಕ್ಕಳ ಬಗ್ಗೆ ಭಯ. ಆದ್ದರಿಂದ ಮನಸ್ಸಿಟ್ಟು ಓದು. ಘಾಟಿ ಇಳಿಯುವಾಗ ತಿರುವುಗಳನ್ನು ಎಣಿಸುತ್ತಾ ಬಾ. ಏಳನೆಯದು ಬಲಕ್ಕೆ ತಿರುಗುತ್ತದೆ. ಅಲ್ಲಿ ಒಳಗಂಚಿಗೆ ಹೋಗಬೇಡ. ಮೊದಲೇ ವೇಗ ಇಳಿಸಿ ಹೊರಗಂಚು ಹಿಡಿದು ದಾಟಿಬಿಡು. ಹತ್ತು ಸೆಕೆಂಡು ಹಿಂದೆ ಬಿದ್ದರೆ ಬೀಳಲಿ. ನಿನ್ನ ಜೊತೆಯವರಿಗೂ, ಬೇರೆ ತಂಡದವರಿಗೂ ಹೇಳು. ನಮ್ಮ ತಾತನ ದಡ್ಡತನ ಅಂತಲೇ ಹೇಳು, ನನಗೆ ಬೇಜಾರಿಲ್ಲ.

ಆ ಮಾತಿಗೆ ಹನ್ನೆರಡು ವರ್ಷ ತಡವಾಗಿ ಕ್ಷಮೆ ಕೇಳುತ್ತಿದ್ದೇನೆ. ಹೆಂಗಸರ ರೇಸಿಗೆ ಡೇರೆ ಹಾಕುವವರು ಇದ್ದಾರೆ ಮರಿ. ಇವತ್ತು ಬೆಳಿಗ್ಗೆ ಎಣಿಸಿದೆ, ನಮ್ಮ ತಿರುವಿನಿಂದ ಕಾಣುವಷ್ಟು ದೂರದಲ್ಲೇ ನಲವತ್ತಮೂರು ವ್ಯಾನು. ನಿನ್ನ ಹೆಗಲಿಗೆ, ಕಾಲಿಗೆ, ಎದೆಗೆ ದೇವರು ಬಲ ಕೊಡಲಿ. ಅಜ್ಜಿ ನಿನ್ನ ಎರಡು ಕೆನ್ನೆಗೂ ಮುತ್ತು ಕಳಿಸಿದ್ದಾಳೆ. ವಾರ್ಡ್ ಸ್ಕೂಟರಿನಲ್ಲಿ ನೀವಿರುವ ಊರು ಲಾಬರ್ನಿಗೆ ಇಳಿದು, ನಿಮ್ಮ ಹೋಟೆಲಿನಲ್ಲಿ ಇದನ್ನು ನಿನ್ನ ಕೈಗೇ ಕೊಟ್ಟು, ರಸ್ತೆ ಮುಚ್ಚುವುದರೊಳಗೆ ವಾಪಸು ಬರುತ್ತಾನಂತೆ. ಅವನಿಗೆ ಒಂದು ಲೋಟ ನೀರು ಕೊಟ್ಟು ಕಳಿಸು.

ನಿನ್ನ ದಡ್ಡ ತಾತ,
ಎರ್ವೆ

ತಾ.ಕ.: ಅಂಟಿಸಿದ ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ವಾರ್ಡ್ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಬೈಯುತ್ತಿದ್ದಾನೆ. ಏನು ಬರೆದೆ ಹೇಳು ಅಂತ ಅಜ್ಜಿ ಕೇಳಿದಳು, ಹೇಳಿದೆ. "ಏಳು ಅಂದ್ರೆ ಎಲ್ಲಿಂದ ಎಣಿಸಿದ್ದು?" ಅಂದಳು. ಕೆಳಗಿನಿಂದ ಮರಿ, ನಾನು ಯಾವಾಗಲೂ ಕೆಳಗಿನಿಂದಲೇ ಎಣಿಸುವುದು. ನೀನು ಮೇಲಿನಿಂದ ಬರುತ್ತೀಯ. ನಿನಗೆ ಅದು ಐದನೆಯದು, ಬಲಕ್ಕಲ್ಲ, ಎಡಕ್ಕೆ ತಿರುಗುತ್ತದೆ. ಪೊಲೀಸಿನವನ ಪುಸ್ತಕದಲ್ಲೂ ಏಳು ಅಂತಲೇ ಬರೆಸಿದ್ದೇನೆ, ತಂಡಗಳಿಗೆಲ್ಲ ಏಳು ಅಂತಲೇ ಹೋಗಿರುತ್ತದೆ. ಅವನನ್ನು ಹುಡುಕಲು ನಾನು ಈಗಲೇ ಕೆಳಗೆ ಹೋಗುತ್ತಿದ್ದೇನೆ, ಸಿಗುತ್ತಾನೋ ಇಲ್ಲವೋ ಗೊತ್ತಿಲ್ಲ. ಇವತ್ತು ಸಂಜೆಯೇ ಎಲ್ಲರಿಗೂ ನೀನು ಹೇಳಬೇಕು, ಒಬ್ಬರನ್ನೂ ಬಿಡಬೇಡ. ಐದು. ಕಾಗದದ ಮೇಲೆ ಹನಿ ಬೀಳುತ್ತಿದೆ. ಮೇಲಿನಿಂದ ಐದನೆಯದು, ಎನೋರಾ.